ಹಾರ್ಲಿ ಕ್ವಿನ್ ಒಳ್ಳೆಯವಳಾ, ಕೆಟ್ಟವಳಾ?

“ಸಾರ್, ಇವಳು ಜೋಕರ್ ಕಡೆಯವಳಲ್ವಾ? ಮತ್ತೆ ಇವಳೇ ಹೀರೋಯಿನ್ ಹೇಗಾದ್ಲು?”

ಮೈಸೂರಿನ ಕುವೆಂಪುನಗರದಲ್ಲಿ ನಾನು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ಕೋಣೆಯ ಗೋಡೆಯ ಮೇಲೆ ಬ್ಯಾಟ್‌ಮನ್ ಕಥೆಗಳ ಹಾರ್ಲಿ ಕ್ವಿನ್ ಇದ್ದಾಳೆ. ಅರ್ಧ ಕೆಂಪು, ಅರ್ಧ ಕಪ್ಪು ವಿದೂಷಕಿ ವೇಷ, ಎರಡು ಕೊಂಬಿನ ಟೋಪಿ. ಅದನ್ನು ನೋಡಿ ಮಕ್ಕಳು ಕೇಳುತ್ತಾರೆ, ಅವರನ್ನು ಕರೆದೊಯ್ಯಲು ಬಂದ ಅಪ್ಪ-ಅಮ್ಮಂದಿರೂ ಕೇಳುತ್ತಾರೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಅವಳು ಹುಟ್ಟಿದ್ದು ಕಾಮಿಕ್ಸ್‌ನಲ್ಲಿ ಅಲ್ಲ. 1992ರಲ್ಲಿ ಬ್ಯಾಟ್‌ಮನ್ ಕಾರ್ಟೂನ್ ಸರಣಿಯ ಒಂದು ಕಂತಿಗೆ, ಬ್ಯಾಟ್‌ಮನ್‌ನ ವೈರಿ ಜೋಕರ್‌ನ ಜೊತೆಗೊಬ್ಬಳು ಬೇಕಿತ್ತು. ಪಾಲ್ ಡೀನಿ ಮತ್ತು ಬ್ರೂಸ್ ಟಿಮ್ ಇವಳನ್ನು ಮಾಡಿದರು. ಡೀನಿಯ ಸ್ನೇಹಿತೆ, ನಟಿ ಆರ್ಲೀನ್ ಸಾರ್ಕಿನ್ ಒಂದು ಟೀವಿ ಧಾರಾವಾಹಿಯ ಕನಸಿನ ದೃಶ್ಯದಲ್ಲಿ ವಿದೂಷಕಿಯಾಗಿದ್ದರು. ಪಾತ್ರ ಹೊಳೆದದ್ದು ಅಲ್ಲಿಂದ, ದನಿಯೂ ಅವರದ್ದೇ. ಬಂದು ಹೋಗಬೇಕಿದ್ದವಳು ಜನರಿಗೆ ಹಿಡಿಸಿಬಿಟ್ಟಳು. ಮರುವರ್ಷ ಕಾಮಿಕ್ಸ್‌ಗೂ ಕಾಲಿಟ್ಟಳು.

ಚೇಲಾಗಳಿಗೆ ಕಥೆಯಲ್ಲಿ ಇರುವ ಮುಖ್ಯ ಕೆಲಸ ಏನು ಗೊತ್ತೆ? ಕೇಳಿಸಿಕೊಳ್ಳೋದು. ಖಳನಾಯಕ ತನ್ನ ಸಂಚನ್ನು ಯಾರಿಗಾದರೂ ಹೇಳಲೇಬೇಕು, ಇಲ್ಲದಿದ್ದರೆ ನಮಗೆ ತಿಳಿಯುವುದು ಹೇಗೆ? ಅವನು ಹೇಳುತ್ತಾನೆ, ಚೇಲಾ ತಲೆಯಾಡಿಸುತ್ತಾನೆ, ನಗುತ್ತಾನೆ. ಹಾರ್ಲಿಯೂ ಅಷ್ಟೇ ಮಾಡುತ್ತಿದ್ದಳು. ಅದು ಮುರಿದದ್ದು 1994ರ ‘ಮ್ಯಾಡ್ ಲವ್’ ಪುಸ್ತಕದಲ್ಲಿ. ಅದೂ ಡೀನಿ-ಟಿಮ್ ಜೋಡಿಯದ್ದೇ, ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಬಂದಿದ್ದು.

ಅವಳು ಮೊದಲು ಹಾರ್ಲೀನ್ ಕ್ವಿನ್ಜೆಲ್ ಎಂಬ ಮನೋವೈದ್ಯೆ, ಜೋಕರ್ ಅವಳ ರೋಗಿ, ಅವನು ಹೇಳಿದ ಸುಳ್ಳು ಕಥೆಗೆ ಕರಗಿ ಅವನನ್ನು ಪ್ರೀತಿಸಿದಳು ಎಂಬುದು ಗೊತ್ತಾಗುವುದು ಅದರಲ್ಲೇ. ಮಾಂಸ ಕಿತ್ತು ತಿನ್ನುವ ಪಿರಾನಾ ಮೀನುಗಳ ತೊಟ್ಟಿಗೆ ಬ್ಯಾಟ್‌ಮನ್‌ನನ್ನು ಹಾಕಿ ಕೊಲ್ಲುವ ಸಂಚನ್ನು ಜೋಕರ್ ಮೂಲೆಗೆಸೆದಿರುತ್ತಾನೆ. ಮೀನುಗಳ ಬಾಯಿ ಕೆಳಮುಖ, ಅವು ನಗುವುದಿಲ್ಲ, ತಮಾಷೆ ಕೆಟ್ಟುಹೋಯಿತು ಅಂತ. ಹಾರ್ಲಿ ಒಬ್ಬಳೇ ಬ್ಯಾಟ್‌ಮನ್‌ನನ್ನು ಹಿಡಿದು ತಲೆಕೆಳಗಾಗಿ ನೇತುಹಾಕುತ್ತಾಳೆ. ಈಗ ಅವನ ಕಣ್ಣಿಗೆ ಮೀನುಗಳು ನಗುತ್ತಿವೆ! ಯಜಮಾನನಿಗೆ ಹೊಳೆಯದ್ದು ಇವಳಿಗೆ ಹೊಳೆದಿತ್ತು. ಜೋಕರ್ ಬಂದ, ನೋಡಿದ, ಉರಿದುಬಿದ್ದ. ವಿವರಿಸಿ ಹೇಳಬೇಕಾದ ತಮಾಷೆ ತಮಾಷೆಯೇ ಅಲ್ಲ ಎಂದವನೇ ಅವಳನ್ನು ಕಿಟಕಿಯಿಂದ ಹೊರಕ್ಕೆ ನೂಕಿದ. ಕೊನೆಗೆ ಬ್ಯಾಟ್‌ಮನ್ನೇ ಜೋಕರ್‌ನ ಮುಖದ ಮೇಲೆ ಹೇಳುತ್ತಾನೆ, ನಿನಗಿಂತ ಅವಳೇ ನನ್ನನ್ನು ಸಾವಿನ ಹತ್ತಿರಕ್ಕೆ ತಂದಿದ್ದಳು ಅಂತ.

ನನ್ನ ಪ್ರಕಾರ ಅವಳು ಚೇಲಾ ಆಗಿ ಉಳಿಯಲು ಸಾಧ್ಯವಿಲ್ಲ ಅನ್ನೋದು ಆ ಕಿಟಕಿಯ ಹತ್ತಿರವೇ ತೀರ್ಮಾನವಾಯಿತು. ಅವಳಿಗೆ ಮಾತ್ರ ಗೊತ್ತಾಗಲಿಲ್ಲ. ಆಸ್ಪತ್ರೆ ಹಾಸಿಗೆಯಲ್ಲಿ ಬ್ಯಾಂಡೇಜು ಸುತ್ತಿಕೊಂಡು ಮಲಗಿದವಳು, ಅವನು ಕಳಿಸಿದ ಒಂದು ಹೂವು ನೋಡಿ ಮತ್ತೆ ಕರಗಿಹೋಗುತ್ತಾಳೆ.

ಮಂಡ್ಯದ ಕಡೆ ಹಳ್ಳಿಯಲ್ಲಿರುವ ನನ್ನ ಸೋದರಮಾವ, ಊರಿನ ಕುರುಕ್ಷೇತ್ರ ನಾಟಕದಲ್ಲಿ ದುಡ್ಡು ಕೊಟ್ಟು ಕರ್ಣನ ಪಾರ್ಟು ತಗೊಂಡವರು. ಇದನ್ನೆಲ್ಲ ಕೇಳಿ, “ಹಂಗಾರೆ ನಮ್ ಕರ್ಣ ಇದ್ದಂಗೆ ಅನ್ಲಾ” ಅಂದರು. ಒಪ್ಪಲಿಲ್ಲ ನಾನು. ಕರ್ಣನ ದೊಡ್ಡಸ್ತಿಕೆ ಇರುವುದು ಗೊತ್ತಿದ್ದೂ ಬಿಟ್ಟುಹೋಗದೇ ಇದ್ದುದರಲ್ಲಿ. ದುರ್ಯೋಧನ ಅವನಿಗೆ ಅಂಗರಾಜ್ಯ ಕೊಟ್ಟ, ತುಂಬಿದ ಸಭೆಯಲ್ಲಿ ಮಾನ ಉಳಿಸಿದ. ಜೋಕರ್ ಇವಳಿಗೆ ಕೊಟ್ಟದ್ದೇನು? ಸುಳ್ಳು ಕಥೆ, ಏಟು. ತೀರಿಸಬೇಕಾದ ಋಣವೇ ಇಲ್ಲದವಳು ಇವಳು. ಮಾವ ಇನ್ನೂ ಒಪ್ಪಿಲ್ಲ, ಆ ಮಾತು ಬೇರೆ.

ಬಿಟ್ಟುಬರಲು ಅವಳಿಗೆ ತುಂಬ ಕಾಲ ಹಿಡಿಯಿತು. ಜೊತೆಗಿದ್ದವಳು ಪಾಯ್ಸನ್ ಐವಿ, ಗಿಡಬಳ್ಳಿಗಳನ್ನು ಆಡಿಸುವ ಇನ್ನೊಬ್ಬ ಖಳನಾಯಕಿ. ಅವನು ನಿನಗೆ ತಕ್ಕವನಲ್ಲ ಎಂದು ಐವಿ 1993ರ ಕಾರ್ಟೂನ್ ಕಂತಿನಲ್ಲೇ ಹೇಳಿದ್ದಳು. 2009ರಲ್ಲಿ ಐವಿ, ಕಳ್ಳಿ ಕ್ಯಾಟ್‌ವುಮನ್, ಹಾರ್ಲಿ ಮೂವರೂ ಒಂದೇ ಮನೆಯಲ್ಲಿದ್ದ ಕಾಮಿಕ್ಸ್ ಬಂತು. 2011ರಲ್ಲಿ ಜೈಲಿನ ಖಳರ ತಂಡವಾದ ‘ಸೂಸೈಡ್ ಸ್ಕ್ವಾಡ್’ಗೆ ಸೇರಿಸಿ ಆ ಚೆಂದದ ವಿದೂಷಕಿ ವೇಷ ಕಿತ್ತು ತುಂಡು ಬಟ್ಟೆ ಹಾಕಿದರು. ನನಗೆ ಅದು ಇವತ್ತಿಗೂ ಸಹಿಸೋಕ್ಕಾಗಲ್ಲ, ಗೋಡೆಯ ಮೇಲೆ ಹಳೆಯ ವೇಷ ಇರುವುದೂ ಅದಕ್ಕೇ.

ನಿಜವಾದ ಬದಲಾವಣೆ 2013ರದ್ದು. ಕಾಮಿಕ್ಸ್ ಬರೆಯುವ ಅಮಾಂಡಾ ಕಾನರ್ ಮತ್ತು ಜಿಮ್ಮಿ ಪಾಲ್ಮಿಯೊಟ್ಟಿ ಅವಳನ್ನು ಬ್ಯಾಟ್‌ಮನ್‌ನ ಗಾಥಮ್ ನಗರದಿಂದಲೇ ಎಬ್ಬಿಸಿ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ಗೆ ತಂದರು. ಅಲ್ಲಿ ಒಂದು ಕಟ್ಟಡ ಅವಳ ಪಾಲಿಗೆ ಬರುತ್ತದೆ. ಬಾಡಿಗೆ ಸಾಲದು, ತೆರಿಗೆ ಕಟ್ಟಬೇಕು, ಅದಕ್ಕೆ ಕೆಲಸ ಹುಡುಕಬೇಕು. ಕಂದಾಯದ ಚಿಂತೆ ಹತ್ತಿದ ಖಳನಾಯಕಿ! ವೃದ್ಧಾಶ್ರಮದಲ್ಲಿ ಮತ್ತೆ ಮನೋವೈದ್ಯೆಯಾಗುತ್ತಾಳೆ. ಮನೆಯಲ್ಲಿ ಅವಳು ಮಾತಾಡಿಸುವುದು ಹೊಟ್ಟು ತುಂಬಿದ, ಅರೆಸುಟ್ಟ ಒಂದು ಬೀವರ್ ಪ್ರಾಣಿಯನ್ನು. ಈಗ ಹೇಳುವವಳು ಇವಳು, ಕೇಳಿಸಿಕೊಳ್ಳುವ ಚೇಲಾ ಆ ಬೀವರ್.

ಹಾಗಾದರೆ ಒಳ್ಳೆಯವಳಾದಳೇ? ಇಲ್ಲ. ಕೈಗೆ ರಕ್ತ ಅಂಟಿದೆ, ಆಮೇಲೂ ಅಂಟುತ್ತಲೇ ಇದೆ. ಆದರೆ ಮಾಡುವುದನ್ನು ಈಗ ತನಗೆ ಬೇಕಾಗಿ, ತನಗೆ ಬೇಕಾದವರಿಗಾಗಿ ಮಾಡುತ್ತಾಳೆ. ನಟಿ ಮಾರ್ಗೊ ರಾಬಿ ಹಾರ್ಲಿಯಾದ ಸಿನಿಮಾಗಳಲ್ಲೂ 2016ರಲ್ಲಿ ಜೋಕರ್‌ನ ಹಿಂದೆ ಓಡಿದವಳು, 2020ರ ಹೊತ್ತಿಗೆ ಅವನಿಂದ ಬೇರೆಯಾಗಿಯೇ ಕಥೆ ಶುರು ಮಾಡುತ್ತಾಳೆ.

ಓದುವವರು ಮೊದಲು ‘ಮ್ಯಾಡ್ ಲವ್’ ಓದಿ, ಆಮೇಲೆ 2013ರದ್ದು. ಅಪ್ಪ-ಅಮ್ಮಂದಿರಿಗೆ ಒಂದು ಮಾತು: 2013ರದ್ದು ದೊಡ್ಡವರ ಪುಸ್ತಕ, ರಕ್ತಪಾತ ಜಾಸ್ತಿ. ಐದನೇ ಕ್ಲಾಸಿನವರಿಗೆ ಸದ್ಯಕ್ಕೆ ಹಳೆಯ ಕಾರ್ಟೂನ್ ಸಾಕು.