ಸುನೌಲಿ ದಾಟಿ ಪೋಖರಾಕ್ಕೆ

ಗೋರಖ್‌ಪುರದಿಂದ ನಸುಕಿನಲ್ಲೇ ಜೀಪು ಹತ್ತಿದೆವು. ನಮ್ಮ ರಾಯಚೂರು ಚರ್ಚಿನ ಸಭೆಯವರದ್ದೇ ತಂಡ. ನೇಪಾಳದ ಪೋಖರಾ ಹತ್ತಿರ ಕಣ್ಣಿನ ತಪಾಸಣೆ ಶಿಬಿರ ಇತ್ತು. ಸುನೌಲಿ ಗಡಿಯಲ್ಲಿ ನಮಗೆ ವೀಸಾ ಬೇಡ, ನಡೆದೇ ದಾಟಬಹುದು. ಕನ್ನಡಕದ ಪೆಟ್ಟಿಗೆ ಮಾತ್ರ ಬಿಚ್ಚಿ ತೋರಿಸಬೇಕಾಯಿತು. ವಯಸ್ಸಾದ ಪೇದೆಯೊಬ್ಬರು ಸುಮ್ನೆ ಒಂದನ್ನು ಮೂಗಿಗೇರಿಸಿ, ತಮ್ಮ ರಿಜಿಸ್ಟರ್ ಓದಿ ನಕ್ಕರು. ಅದು ಅವರಿಗೇ ಆಯ್ತು! ಅಲ್ಲಿಂದ ಗಡಿಯಾರ 15 ನಿಮಿಷ ಮುಂದೆ, ನಮ್ಮ 100 ರೂಪಾಯಿಗೆ ಅವರ 160.

ಬುಟ್ವಲ್ ಆದಮೇಲೆ ಬರೀ ಘಾಟಿ. ಬಯಲುಸೀಮೆಯವರಿಗೆ ಅಷ್ಟು ತಿರುವು ಎಲ್ಲಿ ರೂಢಿ? ಬಸ್ಸಿನಲ್ಲಿ ಅರ್ಧ ಜನಕ್ಕೆ ವಾಂತಿ. ಪಾಸ್ಟರಮ್ಮ ಖಡಕ್ ರೊಟ್ಟಿ ಮುರಿದು, ಗುರೆಳ್ಳು ಪುಡಿ ಉದುರಿಸಿ, "ತಿನ್ರೀ, ಹೊಟ್ಟಿ ನಿಲ್ತದ" ಅಂತ ಹಂಚಿದರು. ಖಾರಕ್ಕೆ ನೇಪಾಳಿ ಕಂಡಕ್ಟರ್ ಕಣ್ಣಲ್ಲಿ ನೀರು. ಆದ್ರೂ ಇನ್ನೊಂದು ಚೂರು ಕೇಳಿ ತಿಂದ.