ಲಸಿಕೆ ಹಾಕಿಸಿದ ಮೇಲಿನ ಅರ್ಧ ಗಂಟೆ

ಲಾಕ್‌ಡೌನ್‌ನಲ್ಲಿ ನಮ್ಮ ಮನೆ ತುಂಬಿತ್ತು. ಊಟದ ಮೇಜಿನ ಮೇಲೆ ನಮ್ಮವರ ಆಫೀಸು, ರೂಮಿನಲ್ಲಿ ನನ್ನದು, ಮಹಡಿ ಮೆಟ್ಟಿಲ ಮೇಲೆ ಮಗಳ ಆನ್‌ಲೈನ್ ಕ್ಲಾಸು. ಇಷ್ಟು ಜನರ ನಡುವೆ ಮಾವ ಒಂಟಿಯಾಗಿದ್ದಾರೆ ಅಂದರೆ ಯಾರು ನಂಬುತ್ತಾರೆ? ನಾದಿನಿ ಫೋನ್ ಮಾಡಿದಾಗಲೆಲ್ಲ, "ಅಪ್ಪಂಗೇನು ಬಿಡಿ ಅತ್ತಿಗೆ, ಎಲ್ಲರೂ ಮನೇಲೇ ಇದ್ದೀರಲ್ಲ" ಅನ್ನುತ್ತಿದ್ದಳು.

ಆದರೆ ಮಾವನ ಜೊತೆಗಾರರು ನಾವಲ್ಲ. ಅಂಚೆ ಇಲಾಖೆಯಿಂದ ರಿಟೈರ್ ಆದ ಮೇಲೆ ಅವರ ದಿನ ಶುರುವಾಗುತ್ತಿದ್ದದ್ದು ಮೈಸೂರಿನ ಚೆಲುವಾಂಬ ಪಾರ್ಕಿನಲ್ಲಿ. ಆಮೇಲೆ ಹೋಟೆಲಿನಲ್ಲಿ ಬೈಟು ಕಾಫಿ. ತಿಂಗಳ ಮೊದಲಿಗೆ ಪೆನ್ಷನ್ ಕ್ಯೂ, ಅಲ್ಲೊಂದಿಷ್ಟು ಹರಟೆ. ಪಾರ್ಕಿನ ಗೆಳೆಯರಲ್ಲಿ ಅರ್ಧ ಜನರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಕೆಇಬಿಯವರು, ರೈಲ್ವೆಯವರು, ಲೆಕ್ಕದ ಮೇಷ್ಟ್ರು, ಅಷ್ಟೇ. ದಿನಾ ಸಿಗುವವರ ಫೋನ್ ನಂಬರ್ ಯಾರಿಗೆ ಬೇಕು? ಪಾರ್ಕಿಗೆ ಬೀಗ ಬಿತ್ತು ನೋಡಿ, ಅಷ್ಟೂ ಜನ ಒಂದೇ ದಿನಕ್ಕೆ ಕಳೆದುಹೋದರು.

ಭಯವೂ ಇತ್ತು. ದೇಶದಲ್ಲಿ ಕೊರೊನಾದಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರೇ, 76 ವರ್ಷದ ಹಿರಿಯರು. ಹೆಚ್ಚುಕಡಿಮೆ ಮಾವನ ವಯಸ್ಸು. ಮಾರ್ಚ್ ಕೊನೆಗೆ ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಸೋಂಕು ಕಾಣಿಸಿಕೊಂಡಿತು. ಪಕ್ಕದ ಊರೇ ಅಲ್ವಾ? ಟಿವಿಯವರು ಬೆಳಗಿನಿಂದ ರಾತ್ರಿವರೆಗೆ ಅದನ್ನೇ ತೋರಿಸಿದರು. 65 ದಾಟಿದವರು ಹೊರಗೆ ಬರಬೇಡಿ ಅಂತ ಸರ್ಕಾರವೂ ಹೇಳಿತು. ಕಾಗದದಿಂದಲೂ ರೋಗ ಬರುತ್ತದಂತೆ ಅಂತ ಪೇಪರ್ ನಿಲ್ಲಿಸಿದೆವು. ಮಾವ ಕೇಳಲಿಲ್ಲ, ಮತ್ತೆ ಹಾಕಿಸಿಕೊಂಡರು. ಕೆಲವು ದಿನ ಪೇಪರಿಗೆ ಇಸ್ತ್ರಿ ಹಾಕಿ ಕೊಟ್ಟಿದ್ದೂ ಉಂಟು. ಬಿಸಿ ಬಿಸಿ ಸುದ್ದಿ ಅಂತ ಆಗ ನಗುತ್ತಿದ್ದರು.

ಆ ನಗು ಜೂನ್, ಜುಲೈ ಹೊತ್ತಿಗೆ ನಿಂತುಹೋಯಿತು. ಪದಬಂಧ ಖಾಲಿ ಉಳಿಯತೊಡಗಿತು. ಗಡ್ಡ ಬಿಟ್ಟರು. "ನನಗ್ಯಾಕಮ್ಮ ಪಲ್ಯ, ಒಂದು ತುತ್ತು ಮೊಸರನ್ನ ಸಾಕು" ಅನ್ನುತ್ತಿದ್ದರು. ಗ್ಯಾಸ್ ಬುಕ್ ಮಾಡಿದ್ದೀಯಾ ಅಂತ ಕೇಳಿದವರು ಹತ್ತು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳುತ್ತಿದ್ದರು. ಅಪರೂಪಕ್ಕೆ ಗೇಟಿನ ಹತ್ತಿರ ಯಾರಾದರೂ ಮಾತಾಡಿಸಿದರೆ ಇನ್ನೊಂದು ತಾಪತ್ರಯ. ಮಾವನಿಗೆ ಕಿವಿ ಮಂದ. ಅರ್ಧ ಮಾತನ್ನು ಎದುರಿಗಿದ್ದವರ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದವರು. ಈಗ ಎಲ್ಲರ ತುಟಿಯೂ ಮಾಸ್ಕಿನ ಹಿಂದೆ. ಅವರು ಮಾಸ್ಕ್ ತೆಗೆಯಲು ಹೋದರೆ ಅದರ ದಾರಕ್ಕೆ ಸಿಕ್ಕಿ ಕಿವಿಯ ಮೆಷಿನ್ ಉದುರಿ ಬೀಳುತ್ತಿತ್ತು. ಎರಡು ಸಲ ಬಿದ್ದ ಮೇಲೆ ಮೆಷಿನ್ನನ್ನೇ ಬೀರುವಿನಲ್ಲಿಟ್ಟರು. ಗೇಟಿನ ಹತ್ತಿರ ಹೋಗುವುದನ್ನೂ ಬಿಟ್ಟರು.

ಮರೆವಿನ ಕಾಯಿಲೆ ಶುರುವಾಯಿತೇನೋ ಅಂತ ಹೆದರಿ ಡಾಕ್ಟರಿಗೆ ಫೋನ್ ಮಾಡಿದೆವು. ವಯಸ್ಸಾದವರಲ್ಲಿ ಖಿನ್ನತೆ ಅಂದರೆ ಅಳು, ಬೇಜಾರು ಅಂತಲೇ ಇರಬೇಕಿಲ್ಲ, ಮರೆವು, ಮೈಕೈ ನೋವು, ಊಟ ಸೇರದಿರುವುದು, ಹೀಗೂ ಕಾಣಿಸಿಕೊಳ್ಳುತ್ತದೆ ಅಂದರು. ಥೈರಾಯ್ಡ್, ಬಿ12 ನೋಡಿಸಲು ಹೇಳಿದರು. ಕೊನೆಗೆ, "ಅವರ ಜೊತೆ ಯಾರು ಮಾತಾಡ್ತಾರೆ?" ಅಂತ ಕೇಳಿದರು. ನಾವೆಲ್ಲ ಇದ್ದೀವಲ್ಲ ಡಾಕ್ಟ್ರೇ ಅಂದರು ನಮ್ಮವರು. ನಾವು ಆಡುತ್ತಿದ್ದ ಮಾತಾದರೂ ಏನು? ಮಾತ್ರೆ ತಗೊಂಡ್ರಾ, ಕೈ ತೊಳೆದ್ರಾ, ಮಾಸ್ಕ್ ಎಲ್ಲಿ. ಅದಕ್ಕೆಲ್ಲ ತಲೆ ಅಲ್ಲಾಡಿಸಿದರೆ ಸಾಕು.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಆ ವಾರವೇ ಮಾವನನ್ನು ಕರೆದುಕೊಂಡು ಹೋದೆ. ಅವತ್ತು ಯಾರೂ ಹೇಳದೆಯೇ ಅವರು ಶೇವ್ ಮಾಡಿಕೊಂಡಿದ್ದರು. ಕಿವಿಯ ಮೆಷಿನ್ನೂ ಹೊರಗೆ ಬಂದಿತ್ತು. ಆಧಾರ್ ತೋರಿಸಿ, ಚುಚ್ಚಿಸಿಕೊಂಡು ಆದ ಮೇಲೆ ಅರ್ಧ ಗಂಟೆ ಕೂರಬೇಕಿತ್ತು, ಏನಾದರೂ ಅಲರ್ಜಿ ಆದೀತು ಅಂತ. ಕುರ್ಚಿಗಳನ್ನು ದೂರ ದೂರ ಹಾಕಿದ್ದರು. ಎಲ್ಲ ಬೆಳ್ಳಿ ಕೂದಲಿನವರೇ. ಮೂರನೇ ಸಾಲಿನಿಂದ ಒಬ್ಬರು, "ರೀ ಪೋಸ್ಟು!" ಅಂತ ಕೂಗಿದರು.

ಲೆಕ್ಕದ ಮೇಷ್ಟ್ರು! ಮಾವ ಎದ್ದೇ ಬಿಟ್ಟರು. ನರ್ಸ್, "ಅಜ್ಜಾ, ಕೂತ್ಕೊಳ್ಳಿ" ಅಂದರೆ ಯಾರು ಕೇಳಬೇಕು? ಸ್ವಲ್ಪ ಹೊತ್ತಿನಲ್ಲಿ ಕುರ್ಚಿಗಳ ಅಂತರವೂ ಮಾಯ. ಮೇಷ್ಟ್ರು ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಮಾತಾಡಿದರು. ತಪ್ಪೇ. ಆದರೂ ನಾನು ಬಾಯಿ ತೆರೆಯಲಿಲ್ಲ, ಮಾವ ತುಟಿ ನೋಡುತ್ತಿದ್ದರು.

"ಕೆಇಬಿಯವರು ಹೋದರಂತೆ ಕಣಮ್ಮಾ, ಸೆಪ್ಟೆಂಬರ್‌ನಲ್ಲೇ" ಅಂತ ನನ್ನ ಕಡೆ ತಿರುಗಿ ಹೇಳಿದರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಮತ್ತೆ ಪೆನ್ಷನ್ನು, ಮಂಡಿನೋವು, ಕಾಫಿ ರೇಟು. ಅರ್ಧ ಗಂಟೆ ಮುಗಿದರೂ ಏಳಲಿಲ್ಲ. ಎರಡನೇ ಡೋಸ್ ಯಾವಾಗ ಅಂತ ನರ್ಸನ್ನು ಕೇಳಿದ್ದು ನೋಡಿದರೆ ಮದುವೆಗೆ ಮುಹೂರ್ತ ಕೇಳುತ್ತಿದ್ದಾರೇನೋ ಅನ್ನಿಸಿತು. ಆ ತಿಂಗಳ ಕೊನೆಗೆ ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್ ನಡುವಿನ ಅಂತರವನ್ನು ಎಂಟು ವಾರದವರೆಗೆ ಏರಿಸಿದಾಗ ಬೇಸರಪಟ್ಟುಕೊಂಡರು.

ಹೊರಡುವಾಗ ಮೇಷ್ಟ್ರ ನಂಬರ್ ಬರೆದುಕೊಂಡೆ. "ಹೆಸರು ಏನಂತ ಹಾಕಲಿ ಮಾವ?"

"ಲೆಕ್ಕದ ಮೇಷ್ಟ್ರು ಅಂತಲೇ ಹಾಕು."

ಏಪ್ರಿಲ್ 27ಕ್ಕೆ ರಾಜ್ಯ ಮತ್ತೆ ಬಾಗಿಲು ಹಾಕಿತು. ಈ ಸಲ ಬೆಳಿಗ್ಗೆ ಆರಕ್ಕೇ ಫೋನ್ ಶುರು. ಮೇಷ್ಟ್ರ ಕಿವಿಯೂ ಅಷ್ಟಕ್ಕಷ್ಟೇ, ಹಾಗಾಗಿ ಇಬ್ಬರೂ ಕೂಗುವವರೇ. ಪದಬಂಧದಲ್ಲಿ ಎಡದಿಂದ ಬಲಕ್ಕೆ ಏಳನೆಯದು ಏನು ಅಂತ ಇಡೀ ಬೀದಿಗೇ ಗೊತ್ತಾಗುತ್ತಿತ್ತು. ಮಗಳು ತಲೆದಿಂಬನ್ನು ಕಿವಿಗೆ ಒತ್ತಿಕೊಂಡು, "ತಾತಂಗೆ ವಾಟ್ಸಾಪ್ ಕಲಿಸಮ್ಮಾ, ಪ್ಲೀಸ್" ಅನ್ನುತ್ತಿದ್ದಳು. ಕಲಿಸಲಿಲ್ಲ.