ವಯಸ್ಕರ ಅಕ್ಷರ ತರಗತಿ: ಜೋಡಿ ಪಾಠಕ್ಕೆ ಬಂದ ಮೇಲೆ

ಗುಂಪು ಪಾಠ ಬಿಟ್ಟು, ಕಲಿಯುವ ಒಬ್ಬರಿಗೆ ಕಲಿಸುವ ಒಬ್ಬರು ಎಂಬ ಜೋಡಿ ಪಾಠಕ್ಕೆ ಬಂದಿದ್ದೇವೆ. ಎಲ್ಲರೂ ದನಿಗೂಡಿಸಿ ಓದುವುದು ಕೇಳಲು ಸೊಗಸು. ಆದರೆ ಅದರಲ್ಲಿ ಓದುವವರು ಯಾರು, ಪಕ್ಕದವರ ದನಿಯ ಹಿಂದೆಯೇ ಹೇಳುವವರು ಯಾರು ಗೊತ್ತಾಗುವುದಿಲ್ಲ. ಪುಟದಲ್ಲಿ ಯಾವ ಪದ ಎಲ್ಲಿದೆ ಎಂಬುದೇ ಬಾಯಿಪಾಠವಾಗಿರುತ್ತದೆ. ಈಗ ಅವೇ ಪದಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಒಂದೊಂದಾಗಿ ತೋರಿಸುತ್ತೇವೆ. ಪರೀಕ್ಷೆ ಎಂಬ ಮಾತನ್ನು ಮಾತ್ರ ಎತ್ತುವುದಿಲ್ಲ.

ಅಕ್ಷರಗಳನ್ನು ‘ಅ ಆ ಇ ಈ’ಯಿಂದ ಶುರುಮಾಡುತ್ತಿಲ್ಲ. ರ, ಗ, ಸ ಬಂದರೆ ಮೊದಲ ಪಾಠದಲ್ಲೇ ‘ಗರಗಸ’, ‘ಸರ’, ‘ರಸ’ ಓದಬಹುದು. ದ, ಅ ಸೇರಿದರೆ ‘ಅಗಸ’, ‘ಅರಸ’, ‘ದರ’. ದಿನದ ದುಡಿಮೆ ಮುಗಿಸಿ ಬಂದು ಕೂತವರಿಗೆ ಏನನ್ನಾದರೂ ಓದಿದೆ ಎನ್ನಿಸದಿದ್ದರೆ ಮತ್ತೆ ಯಾಕೆ ಬರಬೇಕು?

ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ ಬಗ್ಗೆ ಕಲಿಸುವವರೊಬ್ಬರು ಕೇಳಿದ್ದರು. 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಅವರ ತಂಡ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಲು ಹೊರಟಿತ್ತು. ಜನರ ಬದುಕಿನದೇ ಪದ ಎತ್ತಿಕೊಂಡು, ಅದರ ಬಗ್ಗೆ ಮಾತಾಡಿಸಿ, ಆಮೇಲೆ ಒಡೆದು ತೋರಿಸುವುದು ಅವರ ಕ್ರಮ. ‘ತಿಜೋಲೊ’ ಅಂದರೆ ಇಟ್ಟಿಗೆ. ಅದರಿಂದ ತ ತೆ ತಿ ತೊ ತು, ಮುಂದೆ ಲ ಲೆ ಲಿ ಲೊ ಲು. ನಮ್ಮ ಕಾಗುಣಿತ ಇದೇ ತಾನೆ! ಆದರೆ ಆ 40 ಗಂಟೆಯ ಲೆಕ್ಕವನ್ನು ಇಲ್ಲಿ ಯಾರಿಗೂ ಹೇಳಬೇಡಿ ಎಂದಿದ್ದೇನೆ. ಕನ್ನಡದಲ್ಲಿ 49 ಅಕ್ಷರ, ಮೇಲೆ ಗುಣಿತ, ಕೆಳಗೆ ಒತ್ತು. ತಲಕಟ್ಟು, ಗುಡಿಸು, ಕೊಂಬಿನವರೆಗೆ ಸಲೀಸು. ಒತ್ತಕ್ಷರಕ್ಕೆ ಬಂದಾಗ ಎಲ್ಲರೂ ನಿಧಾನವಾಗುತ್ತಾರೆ, ಆಗಲಿ.

ತೊಡಕೆಂದರೆ, ಎಲ್ಲರಿಗೂ ಮೊದಲು ಬರೆಯಬೇಕಾದ್ದು ತಮ್ಮ ಹೆಸರು. ‘ಕಮಲ’ ಆದರೆ ಸುಲಭ. ‘ಲಕ್ಷ್ಮಮ್ಮ’ ಎಂದರೆ ಒತ್ತಿಗೆ ಒತ್ತು! ಹಾಗೆಂದು ಹೆಸರನ್ನು ಕೊನೆಗಿಡಲಾಗದು. ಅದನ್ನು ಮೊದಲ ದಿನ ಚಿತ್ರದಂತೆ ತಿದ್ದಿಸುತ್ತೇವೆ. ಬಿಡಿಸಿ ಓದುವುದು ಒತ್ತಕ್ಷರದ ಪಾಠ ಬಂದಾಗ. ಸಹಿ ಬಂದ ಕೂಡಲೇ ಸಾಕೆಂದು ಹೋಗುವವರೂ ಇದ್ದಾರೆ. ಅವರನ್ನು ತಡೆಯುವುದಿಲ್ಲ, ಅವರು ಬಂದದ್ದು ಅದಕ್ಕೇ.

‘ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ’ ಎಂಬ ದೂರು ಕಲಿಯುವವರಿಂದಲೇ ಬರುತ್ತದೆ. ಈಗ ಪಾಠಕ್ಕೆ ಮುಂಚೆ ಕಣ್ಣಿನ ವಿಷಯ ವಿಚಾರಿಸುತ್ತೇವೆ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಹಜ, ಓದುವ ಅಭ್ಯಾಸವಿಲ್ಲದವರಿಗೆ ಅದು ಗಮನಕ್ಕೇ ಬಂದಿರುವುದಿಲ್ಲ. ‘ಪ’ ಮತ್ತು ‘ಷ’, ‘ವ’ ಮತ್ತು ‘ಮ’ ಬೇರೆಯಾಗಿ ಕಾಣದವರಿಗೆ ಬೇಕಾದ್ದು ಕನ್ನಡಕ, ಇನ್ನೊಂದು ಪಾಠವಲ್ಲ. ಚೀಟಿಗಳ ಅಕ್ಷರವನ್ನೂ ದೊಡ್ಡದು ಮಾಡಿದ್ದೇವೆ.

ಲೆಕ್ಕದಲ್ಲಿ ಇವರಿಗೆ ಕಲಿಸಬೇಕಾದ್ದು ಕಡಿಮೆ. ಬಾಯಿಲೆಕ್ಕದಲ್ಲಿ ನಮಗಿಂತ ಚುರುಕು. ಅಂಕಿ ಬರೆಯುವುದು, ದಶಕ ತೆಗೆದುಕೊಳ್ಳುವುದು ಅಷ್ಟನ್ನೇ ಹೇಳಿಕೊಟ್ಟರೆ ಸಾಕು.

ಹೆಚ್ಚು ಹೊತ್ತು ಹಿಡಿಯುವುದು ಕಲಿಸುವವರದೇ ತಯಾರಿ. ಇವರಲ್ಲಿ ವಿದ್ಯಾರ್ಥಿಗಳು ಹೆಚ್ಚು. ತಮಗಿಂತ ಹಿರಿಯರೊಡನೆ ಕೂತಾಗಲೂ ಶಾಲೆಯ ಮೇಷ್ಟ್ರ ದನಿ ಬಂದುಬಿಡುತ್ತದೆ. ‘ನೀವು’ ಎನ್ನುವುದು ಕಡ್ಡಾಯ, ಕೆಂಪು ಪೆನ್ನು ನಿಷಿದ್ಧ. ತಪ್ಪು ಓದಿದರೆ ತಕ್ಷಣ ಬಾಯಿ ಹಾಕಬಾರದು. ವಾಕ್ಯ ಮುಗಿಯುವಷ್ಟರಲ್ಲಿ ಬಹಳ ಸಲ ಅವರೇ ತಿದ್ದಿಕೊಳ್ಳುತ್ತಾರೆ. ಈ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸುವುದು ಕಷ್ಟ.

ಪರೀಕ್ಷೆಯ ಕಾಲ ಬಂದರೆ ಈ ವಿದ್ಯಾರ್ಥಿಗಳು ಮಾಯ. ಜೋಡಿ ಒಡೆದರೆ ಕಲಿಯುವವರೂ ಮನೆಯಲ್ಲೇ ಉಳಿಯುತ್ತಾರೆ. ಅದಕ್ಕೆ ಪ್ರತಿಯೊಬ್ಬ ಕಲಿಯುವವರ ಬಳಿ ಒಂದು ಸಣ್ಣ ಪುಸ್ತಕ ಇಟ್ಟಿದ್ದೇವೆ: ಇಂದು ಎಲ್ಲಿ ನಿಂತಿತು, ಯಾವ ಅಕ್ಷರದಲ್ಲಿ ತಡವರಿಸಿದರು, ಮುಂದೆ ಏನು. ಬದಲಿಗೆ ಬಂದವರು ಅದನ್ನು ನೋಡಿ ಅಲ್ಲಿಂದಲೇ ಮುಂದುವರಿಸುತ್ತಾರೆ. ಹಾಜರಿ ಪುಸ್ತಕಕ್ಕಿಂತ ಇದೇ ಉಪಯೋಗಕ್ಕೆ ಬಂದಿದೆ.

ಮುಂದಿನ ಕೆಲಸ ಮೊಬೈಲ್ ಕೀಲಿಮಣೆ. ಮಕ್ಕಳಿಗೆ ಮೆಸೇಜ್ ಕಳಿಸಬೇಕೆಂಬ ಬೇಡಿಕೆ ಜೋರಾಗಿದೆ. ಅಲ್ಲಿ ಒತ್ತಕ್ಷರ ಮೂಡಿಸಲು ನಡುವೆ ‘್’ ಒತ್ತಬೇಕು; ಕೈಬರಹದಲ್ಲಿ ಅಂಥ ಹೆಜ್ಜೆಯೇ ಇಲ್ಲ. ಇದನ್ನು ಯಾವ ಹಂತದಲ್ಲಿ ತರುವುದು ಎಂದು ಕಲಿಸುವವರ ನಡುವೆ ಚರ್ಚೆ ನಡೆದಿದೆ. ನನ್ನ ಮತ ಒತ್ತಕ್ಷರದ ಪಾಠದ ಜೊತೆಗೇ.